ಎರಡು ಅಕ್ಕಿ ಕಾಳಿನಷ್ಟು ಮೇಣ, ಅದರಲ್ಲಿ ಎಷ್ಟು ಗಾಂಜಾ?

ಮೊದಲು ಒಂದು ಸಣ್ಣ ಲೆಕ್ಕ. ಗಾಂಜಾದಲ್ಲಿ ಅಮಲೇರಿಸುವ ಮುಖ್ಯ ರಾಸಾಯನಿಕದ ಹೆಸರು ಟಿಎಚ್‌ಸಿ. ಅಮೆರಿಕದ ಅಧಿಕಾರಿಗಳು 1995ರಲ್ಲಿ ವಶಪಡಿಸಿಕೊಂಡ ಗಾಂಜಾದ ಸ್ಯಾಂಪಲ್‌ಗಳನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಲ್ಯಾಬ್ ಪರೀಕ್ಷಿಸಿತ್ತು. ಅವುಗಳಲ್ಲಿ ಸರಾಸರಿ ಶೇ 4ರಷ್ಟು ಟಿಎಚ್‌ಸಿ ಇತ್ತು. ಅರ್ಧ ಗ್ರಾಂ ಗಾಂಜಾ ಸುತ್ತಿದ ಒಂದು ಜಾಯಿಂಟ್ ಅಂದರೆ ಸುಮಾರು 20 ಮಿಲಿಗ್ರಾಂ ಟಿಎಚ್‌ಸಿ. ಅದರಲ್ಲೂ ಒಂದಷ್ಟು ಸುಟ್ಟು ಗಾಳಿಗೆ ಹೋಗುತ್ತದೆ. ಉಳಿದದ್ದನ್ನು ಎಷ್ಟೋ ಸಲ ಮೂರು ನಾಲ್ಕು ಜನ ಹಂಚಿಕೊಂಡು ಸೇದುತ್ತಿದ್ದರು.

ಈಗ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ ಲೈಸೆನ್ಸ್ ಇರುವ ಗಾಂಜಾ ಅಂಗಡಿಗೆ ಹೋದರೆ, ಪುಟ್ಟ ಡಬ್ಬಿಯಲ್ಲಿ ಜೇನುಮೇಣದ ಬಣ್ಣದ ಒಂದು ಅಂಟು ವಸ್ತು ಸಿಗುತ್ತದೆ. ಅದರ ಲೇಬಲ್ ಮೇಲೆ ಟಿಎಚ್‌ಸಿ ಶೇ 80 ಅಂತ ಇರುವುದು ಮಾಮೂಲು. ಎರಡು ಅಕ್ಕಿ ಕಾಳಿನಷ್ಟು ತೆಗೆದುಕೊಂಡರೆ ತೂಕ ಸುಮಾರು 50 ಮಿಲಿಗ್ರಾಂ. ಅದರಲ್ಲಿ ಟಿಎಚ್‌ಸಿ 40 ಮಿಲಿಗ್ರಾಂ. ಅಂದರೆ 1995ರ ಎರಡು ಪೂರ್ತಿ ಜಾಯಿಂಟ್. ಇದನ್ನು ಒಬ್ಬರೇ, ಒಂದೇ ದಮ್ಮಿನಲ್ಲಿ ಎಳೆದುಕೊಳ್ಳುತ್ತಾರೆ.

ಗಾಂಜಾ ಬಗ್ಗೆ ನಡೆಯುವ ಬಹುತೇಕ ವಾದಗಳು ಈ ಲೆಕ್ಕವನ್ನು ಬಿಟ್ಟು ನಡೆಯುತ್ತವೆ. 'ಗಿಡ ತಾನೇ, ನೈಸರ್ಗಿಕ' ಅಂತ ಒಂದು ಕಡೆಯವರು. 'ಮಾದಕ ವಸ್ತು, ಮುಟ್ಟಬಾರದು' ಅಂತ ಇನ್ನೊಂದು ಕಡೆಯವರು. ಇಬ್ಬರೂ ಡೋಸ್ ಬಗ್ಗೆ ಮಾತಾಡುವುದಿಲ್ಲ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ನಿಜವಾಗಿ ಬದಲಾಗಿರುವುದು ಡೋಸ್. ಆ ಬದಲಾವಣೆಯ ಭಾರ ಬೀಳುತ್ತಿರುವುದು 18ರಿಂದ 25ರ ವಯಸ್ಸಿನ ಹುಡುಗ ಹುಡುಗಿಯರ ಮೇಲೆ.

ಡ್ಯಾಬ್ ಅಂದರೆ ಏನು?

ಗಾಂಜಾ ಹೂವಿನ ಮೇಲೆ ಕಣ್ಣಿಗೆ ಮಂಜಿನಂತೆ ಕಾಣುವ ಸಣ್ಣ ಸಣ್ಣ ಗ್ರಂಥಿಗಳಿರುತ್ತವೆ. ಟಿಎಚ್‌ಸಿ ಹೆಚ್ಚಾಗಿ ಇರುವುದು ಅಲ್ಲೇ. ಬ್ಯುಟೇನ್, ಪ್ರೊಪೇನ್ ಅಥವಾ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಅದನ್ನು ಕರಗಿಸಿ ತೆಗೆಯುತ್ತಾರೆ. ಆಮೇಲೆ ಗ್ಯಾಸ್ ಹೊರಗೆ ಹಾಕಿದರೆ ಉಳಿಯುವುದು ಗಟ್ಟಿ ಅಂಟು. ಅದು ಗಾಜಿನ ಚೂರಿನಂತಿದ್ದರೆ ಶ್ಯಾಟರ್, ಮೇಣದಂತಿದ್ದರೆ ವ್ಯಾಕ್ಸ್, ಬೆಣ್ಣೆಯಂತಿದ್ದರೆ ಬಡರ್. ಗ್ಯಾಸ್ ಇಲ್ಲದೆ, ಬಿಸಿ ಮತ್ತು ಒತ್ತಡದಿಂದಲೇ ಹಿಂಡಿ ತೆಗೆದರೆ ರಾಸಿನ್. ಹೆಸರು ಬೇರೆ ಬೇರೆ, ಆದರೆ ಬಹುಪಾಲು ಉತ್ಪನ್ನಗಳಲ್ಲಿ ಟಿಎಚ್‌ಸಿ ಶೇ 60ರಿಂದ 90ರವರೆಗೆ ಇರುತ್ತದೆ. ಇದೇ ಸಾರವನ್ನು ಎಣ್ಣೆಯ ರೂಪದಲ್ಲಿ, ಕಾಯಿಸಿ ಆವಿ ಎಳೆಯುವ ಪೆನ್ನಿನಂಥ ವೇಪ್‌ಗೆ ತುಂಬಿದರೆ ಅದು ಕಾರ್ಟ್.

ಈ ಮೇಣವನ್ನು ಕಾದ ಬಟ್ಟಲಿಗೆ ಮುಟ್ಟಿಸಿ ಆವಿ ಎಳೆಯುವುದೇ ಡ್ಯಾಬ್. ಅದನ್ನು ಮಾಡುವ ಕ್ರಮ ನೋಡಿದರೆ ಇದು ಬೀಡಿ ಸೇದುವ ಲೋಕದಿಂದ ಎಷ್ಟು ದೂರ ಬಂದಿದೆ ಅಂತ ಗೊತ್ತಾಗುತ್ತದೆ. ನೀರು ತುಂಬಿದ ಗಾಜಿನ ಪೈಪು. ಅದಕ್ಕೆ ಸಿಕ್ಕಿಸಿದ ಕ್ವಾರ್ಟ್ಜ್ ಅಥವಾ ಟೈಟಾನಿಯಂ ಬಟ್ಟಲು. ಆ ಬಟ್ಟಲನ್ನು ಗ್ಯಾಸ್ ಟಾರ್ಚ್ ಹಿಡಿದು ಕೆಂಪಾಗುವಷ್ಟು ಕಾಯಿಸುತ್ತಾರೆ. ಕೆಲವು ಸೆಕೆಂಡು ಆರಲು ಬಿಟ್ಟು, ಸಣ್ಣ ಲೋಹದ ಕಡ್ಡಿಯ ತುದಿಗೆ ಮೇಣ ಅಂಟಿಸಿ ಒಳಗೆ ಮುಟ್ಟಿಸುತ್ತಾರೆ. ಚುರ್ ಎಂದು ಆವಿಯಾಗುತ್ತದೆ. ಒಂದೇ ಉಸಿರಿಗೆ ಎಳೆದರೆ ಮುಗಿಯಿತು. ಜಾಯಿಂಟ್ ಸೇದುವವರಿಗೆ ನಡುವೆ 'ಸಾಕು' ಅಂತ ಅನ್ನಿಸಲು ಸಮಯ ಇರುತ್ತದೆ. ಇಲ್ಲಿ ಅಮಲು ಏರುವಷ್ಟರಲ್ಲಿ ಪೂರ್ತಿ ಡೋಸ್ ಒಳಗೆ ಹೋಗಿಯಾಗಿರುತ್ತದೆ.

ಬಟ್ಟಲು ಜಾಸ್ತಿ ಕಾದಿದ್ದರೆ ಇನ್ನೊಂದು ಅಪಾಯ. ಮೇಣಕ್ಕೆ ಪರಿಮಳ ಕೊಡುವ ಟರ್ಪೀನ್‌ಗಳು ಹೆಚ್ಚು ಶಾಖಕ್ಕೆ ಒಡೆದು ಬೆಂಜೀನ್, ಮೆಥಾಕ್ರೋಲಿನ್‌ನಂಥ ವಿಷಗಳಾಗುತ್ತವೆ ಎಂದು ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಇನ್ನು ಮನೆಯಲ್ಲೇ ಬ್ಯುಟೇನ್ ಹಾಯಿಸಿ ಎಣ್ಣೆ ತೆಗೆಯಲು ಹೋಗಿ ಬೆಂಕಿ ಹತ್ತಿಸಿಕೊಂಡವರ ಕಥೆಗಳು ಅಮೆರಿಕದ ಸುಟ್ಟಗಾಯಗಳ ವಾರ್ಡ್‌ಗಳಲ್ಲಿ ಬೇಕಾದಷ್ಟಿವೆ.

ಕಾನೂನು ಗ್ರಾಂ ಎಣಿಸಿತು, ಟಿಎಚ್‌ಸಿ ಎಣಿಸಲಿಲ್ಲ

ಕೊಲೊರಾಡೊ 2012ರ ನವೆಂಬರ್‌ನಲ್ಲಿ ಜನಮತದ ಮೂಲಕ ಗಾಂಜಾವನ್ನು ಕಾನೂನುಬದ್ಧ ಮಾಡಿತು. 2014ರ ಜನವರಿ 1ರಿಂದ ಅಂಗಡಿ ತೆರೆಯಿತು. ಮತ ಹಾಕಿದ ಜನರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಹಳೆಯ ಹೂವು, ಹಳೆಯ ಜಾಯಿಂಟ್. ಆದರೆ ಮಾರುಕಟ್ಟೆ ಹೋದ ದಿಕ್ಕೇ ಬೇರೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಹೂವಿನ ಸರಾಸರಿ ಟಿಎಚ್‌ಸಿ 2008ರಲ್ಲಿ ಸುಮಾರು ಶೇ 9 ಇದ್ದದ್ದು 2017ಕ್ಕೆ ಶೇ 17 ಆಯಿತು. ಅದೇ ಅವಧಿಯಲ್ಲಿ ಎಣ್ಣೆ, ಮೇಣಗಳ ಸರಾಸರಿ ಸುಮಾರು ಶೇ 7ರಿಂದ ಶೇ 56ಕ್ಕೆ ಹಾರಿತು.

ಕೊಲೊರಾಡೊದ ನಿಯಮಗಳಲ್ಲಿ ಒಂದು ವಿಚಿತ್ರ ಇದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಂಜಾ ಹಾಕಿದ ಚಾಕೊಲೇಟು, ಮಿಠಾಯಿಗಳಿಗೆ ಅಲ್ಲಿ ಬಿಗಿ ಮಿತಿ ಇದೆ. ಒಂದು ತುಂಡಿಗೆ 10 ಮಿಲಿಗ್ರಾಂ ಟಿಎಚ್‌ಸಿ, ಇಡೀ ಪೊಟ್ಟಣಕ್ಕೆ 100 ಮಿಲಿಗ್ರಾಂ. ಮೊದಲ ವರ್ಷವೇ ಮಿಠಾಯಿ ಜಾಸ್ತಿ ತಿಂದು ಆದ ಕೆಲವು ದುರಂತಗಳ ನಂತರ ಈ ನಿಯಮಗಳು ಇನ್ನಷ್ಟು ಬಿಗಿಯಾದವು. ಆದರೆ ಮೇಣಕ್ಕೆ ಇಂಥ ಮಿಲಿಗ್ರಾಂ ಮಿತಿ ಹಾಕಲಿಲ್ಲ. 21 ದಾಟಿದ ಗ್ರಾಹಕ ಒಂದು ದಿನಕ್ಕೆ 8 ಗ್ರಾಂ ಮೇಣ ಕೊಳ್ಳಬಹುದು. ಶೇ 80ರ ಮೇಣವಾದರೆ ಅದು 6,400 ಮಿಲಿಗ್ರಾಂ ಟಿಎಚ್‌ಸಿ. ಅದೇ ಗ್ರಾಹಕ ಮಿಠಾಯಿ ಕೊಳ್ಳಲು ಹೋದರೆ 800 ಮಿಲಿಗ್ರಾಂ ಮಾತ್ರ. ಒಂದೇ ಅಂಗಡಿ, ಒಂದೇ ರಾಸಾಯನಿಕ, ಎಂಟು ಪಟ್ಟು ವ್ಯತ್ಯಾಸ.

ಅಮೆರಿಕದ ಮಾದಕ ವಸ್ತು ಸಂಶೋಧನಾ ಸಂಸ್ಥೆ 2021ರಲ್ಲಿ ಸಂಶೋಧನೆಗೆಂದು ಟಿಎಚ್‌ಸಿಯ ಒಂದು ಪ್ರಮಾಣಿತ ಯೂನಿಟ್ ನಿಗದಿ ಮಾಡಿತು. ಅದು 5 ಮಿಲಿಗ್ರಾಂ. ಆ ಲೆಕ್ಕದಲ್ಲಿ ಒಂದು ಗ್ರಾಂ ಮೇಣ ಅಂದರೆ 160 ಯೂನಿಟ್. ಬಾಟಲಿಯ ಮೇಲೆ 'ದ್ರವ, 750 ಎಂಎಲ್' ಅಂತ ಮಾತ್ರ ಬರೆದು, ಒಳಗಿರುವುದು ಬಿಯರೋ ಸ್ಪಿರಿಟ್ಟೋ ಅಂತ ನೋಡದೆ ಮಿತಿ ಹಾಕಿದರೆ ಹೇಗಿರುತ್ತದೆ? ಮೇಣದ ವಿಷಯದಲ್ಲಿ ಬಹುತೇಕ ರಾಜ್ಯಗಳು ಮಾಡಿದ್ದು ಅದನ್ನೇ.

ವೈದ್ಯಕೀಯ ಕಾರ್ಡ್ ಇದ್ದವರಿಗೆ ಕೊಲೊರಾಡೊದಲ್ಲಿ ಮೊದಲು ದಿನಕ್ಕೆ 40 ಗ್ರಾಂ ಮೇಣದವರೆಗೆ ಅವಕಾಶ ಇತ್ತು. 18 ವರ್ಷ ತುಂಬಿದವರು ಕಾರ್ಡ್ ಮಾಡಿಸಿಕೊಳ್ಳಬಹುದಿತ್ತು. ಹೈಸ್ಕೂಲಿನ ಕೊನೆಯ ವರ್ಷದ ಒಬ್ಬ ಹುಡುಗನ ಹತ್ತಿರ ಕಾರ್ಡ್ ಇದ್ದರೆ ಸಾಕು, ಇಡೀ ಶಾಲೆಗೆ ಸರಬರಾಜು ಆಗುತ್ತದೆ ಅಂತ ಪೋಷಕರು ಗೋಳಾಡಿದರು. 2021ರಲ್ಲಿ ಹೊಸ ಕಾನೂನು ಬಂತು. ಗವರ್ನರ್ ಜೇರೆಡ್ ಪೋಲಿಸ್ ಸಹಿ ಹಾಕಿದರು. 40 ಗ್ರಾಂ ಇದ್ದದ್ದು 8ಕ್ಕೆ ಇಳಿಯಿತು. 18ರಿಂದ 20ರ ವಯಸ್ಸಿನವರಿಗೆ ದಿನಕ್ಕೆ 2 ಗ್ರಾಂ ಮಾತ್ರ, ಅದಕ್ಕೂ ಇಬ್ಬರು ಡಾಕ್ಟರ ಒಪ್ಪಿಗೆ ಬೇಕು. ಮೇಣ ಕೊಂಡವರಿಗೆ ಎಚ್ಚರಿಕೆಯ ಕರಪತ್ರ ಕೊಡಬೇಕು. ಒಳ್ಳೆಯ ಕೆಲಸವೇ. ಆದರೂ ಶೇಕಡಾವಾರು ಮಿತಿ ಅದರಲ್ಲಿ ಬರಲಿಲ್ಲ.

ಮೆದುಳಿಗೆ ಏನಾಗುತ್ತದೆ?

ನಮ್ಮ ಮೆದುಳು ತಾನೇ ಗಾಂಜಾವನ್ನು ಹೋಲುವ ಸಂದೇಶವಾಹಕಗಳನ್ನು ತಯಾರಿಸುತ್ತದೆ. ತೀರಾ ಸ್ವಲ್ಪ ಪ್ರಮಾಣದಲ್ಲಿ, ಬೇಕಾದ ಕಡೆ, ಬೇಕಾದ ಕ್ಷಣಕ್ಕೆ. ನರಕೋಶಗಳ ಮಾತುಕತೆ ಜಾಸ್ತಿಯಾದಾಗ ಅದನ್ನು ತಗ್ಗಿಸುವುದು ಅವುಗಳ ಕೆಲಸ. ಟಿಎಚ್‌ಸಿ ಅದೇ ಬಾಗಿಲಿಗೆ ಬಂದು ಕೂರುತ್ತದೆ. ವ್ಯತ್ಯಾಸ ಏನೆಂದರೆ ಅದು ಮೆದುಳಿನ ತುಂಬ ಒಟ್ಟಿಗೇ ಹರಡುತ್ತದೆ, ಗಂಟೆಗಟ್ಟಲೆ ಇರುತ್ತದೆ.

ಮೆದುಳಿನ ಮುಂಭಾಗ, ಅಂದರೆ ಯೋಚಿಸಿ ತೀರ್ಮಾನ ಮಾಡುವ, ಮನಸ್ಸಿಗೆ ಬ್ರೇಕ್ ಹಾಕುವ ಭಾಗ, 25ರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಬೇಡದ ಜೋಡಣೆಗಳನ್ನು ಕತ್ತರಿಸಿ, ಬೇಕಾದವನ್ನು ಗಟ್ಟಿ ಮಾಡುವ ಕೆಲಸ ಆಗ ನಡೆಯುತ್ತಿರುತ್ತದೆ. ಆ ಕೆಲಸದಲ್ಲೂ ಮೆದುಳಿನ ಈ ಸ್ವಂತ ವ್ಯವಸ್ಥೆಗೆ ಪಾತ್ರ ಇದೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಸಾಮಾನ್ಯವಾಗಿ ಮೊದಲ ಬಾರಿ ತಲೆ ಎತ್ತುವುದೂ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ದಶಕದಲ್ಲಿ. ಹಾಗಾಗಿ 19ರ ಹುಡುಗನಿಗೂ 45ರ ಗಂಡಸಿಗೂ ಒಂದೇ ಮೇಣ ಒಂದೇ ಅಪಾಯ ತರುತ್ತದೆ ಅನ್ನುವುದು ತಪ್ಪು.

ಗಾಂಜಾಕ್ಕೂ ಸೈಕೋಸಿಸ್‌ಗೂ ನಂಟಿದೆ ಅನ್ನುವ ಮಾತು ಹೊಸದೇನಲ್ಲ. ಸೈಕೋಸಿಸ್ ಅಂದರೆ ಇಲ್ಲದ ಧ್ವನಿ ಕೇಳುವುದು, ಯಾರೋ ತನ್ನ ಹಿಂದೆ ಬಿದ್ದಿದ್ದಾರೆ ಅಂತ ಗಟ್ಟಿಯಾಗಿ ನಂಬುವುದು, ವಾಸ್ತವದ ಹಿಡಿತ ತಪ್ಪುವುದು. 1987ರಲ್ಲಿ ಸ್ವೀಡನ್ನಿನ ಸಂಶೋಧಕರು ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರ ದಾಖಲೆ ನೋಡಿದರು. 18ನೇ ವಯಸ್ಸಿಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ಆರು ಪಟ್ಟು ಹೆಚ್ಚಿತ್ತು. ಯೇಲ್ ವಿಶ್ವವಿದ್ಯಾಲಯದ ದೀಪಕ್ ಸಿರಿಲ್ ಡಿಸೋಜಾ ಮತ್ತು ಸಂಗಡಿಗರು 2004ರಲ್ಲಿ ಇನ್ನೂ ನೇರವಾದ ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ಟಿಎಚ್‌ಸಿ ಕೊಟ್ಟಾಗ ಸೈಕೋಸಿಸ್‌ನಂಥ ಲಕ್ಷಣಗಳು ಸ್ವಲ್ಪ ಹೊತ್ತು ಕಾಣಿಸಿಕೊಂಡು ಹೋದವು. ಡೋಸ್ ಏರಿದಂತೆ ಪರಿಣಾಮವೂ ಏರಿತು.

ಡೋಸ್ ವಿಷಯದಲ್ಲಿ ಮುಖ್ಯವಾದದ್ದು ಲಂಡನ್ನಿನ ಮಾರ್ಟಾ ಡಿ ಫೋರ್ಟಿ ತಂಡದ 2019ರ ಅಧ್ಯಯನ. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ, ಮೊದಲ ಬಾರಿ ಸೈಕೋಸಿಸ್ ಆದ 901 ಜನರನ್ನು 1,237 ಸಾಮಾನ್ಯ ಜನರ ಜೊತೆ ಹೋಲಿಸಿದರು. ಪ್ರತಿದಿನ ಗಾಂಜಾ ಬಳಸುವವರಲ್ಲಿ ಸೈಕೋಸಿಸ್ ಸಾಧ್ಯತೆ ಮೂರು ಪಟ್ಟು. ಪ್ರತಿದಿನ ಕಡಕ್ ಗಾಂಜಾ ಬಳಸುವವರಲ್ಲಿ ಸುಮಾರು ಐದು ಪಟ್ಟು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಅಧ್ಯಯನದಲ್ಲಿ 'ಕಡಕ್' ಅಂದರೆ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಟಿಎಚ್‌ಸಿ. ಅಷ್ಟೇ. ಇವತ್ತು ಅಮೆರಿಕದ ಅಂಗಡಿಗಳಲ್ಲಿ ಸಾಧಾರಣ ಹೂವು ಕೂಡ ಅದನ್ನು ದಾಟಿರುತ್ತದೆ. ಮೇಣ ಅದರ ಎಂಟು ಪಟ್ಟು. ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ ಮಾಡಿದ ದೊಡ್ಡ ಅಧ್ಯಯನಗಳೆಲ್ಲ ಹಳೆಯ, ಸೌಮ್ಯ ಗಾಂಜಾದ ಮೇಲೆ ನಿಂತಿವೆ. ಶೇ 80ರ ಮೇಣವನ್ನು 19ನೇ ವಯಸ್ಸಿನಿಂದ ದಿನಾ ಎಳೆದರೆ 40ಕ್ಕೆ ಏನಾಗುತ್ತದೆ ಅನ್ನುವ ಪ್ರಯೋಗ ಈಗ ನಡೆಯುತ್ತಿದೆ, ಅಂಗಡಿಗಳ ಮೂಲಕ, ಗ್ರಾಹಕರ ಖರ್ಚಿನಲ್ಲಿ. ನನಗೆ ಸಿಟ್ಟು ಬರುವುದು ಇಲ್ಲೇ.

ಡೆನ್ಮಾರ್ಕಿನ ಸರ್ಕಾರಿ ದಾಖಲೆಗಳೂ ಇದೇ ದಿಕ್ಕು ತೋರಿಸುತ್ತವೆ. 2023ರಲ್ಲಿ ಪ್ರಕಟವಾದ, ಸುಮಾರು 70 ಲಕ್ಷ ಜನರ ದಾಖಲೆ ಆಧರಿಸಿದ ಅಧ್ಯಯನದ ಅಂದಾಜು ಹೀಗಿದೆ: 21ರಿಂದ 30 ವರ್ಷದ ಗಂಡಸರಲ್ಲಿ ಕಂಡುಬಂದ ಸ್ಕಿಜೋಫ್ರೇನಿಯಾ ಪ್ರಕರಣಗಳಲ್ಲಿ ಶೇ 30ರವರೆಗೆ ಗಾಂಜಾ ಚಟ ಇಲ್ಲದಿದ್ದರೆ ತಪ್ಪುತ್ತಿದ್ದವು. ಡೆನ್ಮಾರ್ಕಿನದೇ ಇನ್ನೊಂದು ಅಧ್ಯಯನ 2018ರದು. ಗಾಂಜಾದಿಂದ ಸೈಕೋಸಿಸ್ ಆಗಿ ಆಸ್ಪತ್ರೆಗೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ, ಶೇ 47ರಷ್ಟು, ನಂತರದ ವರ್ಷಗಳಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಕಾಣಿಸಿಕೊಂಡಿತು. 'ಒಂದ್ಸಲ ಜಾಸ್ತಿ ಆಯ್ತು, ನಾಳೆ ಸರಿಹೋಗ್ತಾನೆ' ಅಂತ ಮನೆಗೆ ಕರೆದುಕೊಂಡು ಹೋಗಿ ಸುಮ್ಮನಾಗುವವರು ಈ ಅಂಕಿಯನ್ನು ನೋಡಬೇಕು.

ಸಂಶಯಗಳಿಗೂ ಜಾಗ ಇದೆ

ಎದುರು ವಾದವನ್ನೂ ನೇರವಾಗಿ ಹೇಳಬೇಕು. ಗಾಂಜಾ ಬಳಸುವ ಬಹುಪಾಲು ಜನರಿಗೆ ಸೈಕೋಸಿಸ್ ಆಗುವುದಿಲ್ಲ. ಸ್ಕಿಜೋಫ್ರೇನಿಯಾ ಜೀವಮಾನದಲ್ಲಿ ನೂರಕ್ಕೆ ಒಬ್ಬರಿಗೂ ಬರುವುದಿಲ್ಲ. ಹಾಗಾಗಿ ಐದು ಪಟ್ಟು ಅಂದರೂ ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ಸಣ್ಣ ಸಂಖ್ಯೆಯೇ. ಕಾಯಿಲೆ ಶುರುವಾಗುವ ಮುಂಚಿನ ತಳಮಳ ತಡೆಯಲಾರದೆ ಕೆಲವರು ಗಾಂಜಾ ಹಿಡಿಯುತ್ತಾರೆ, ಆಗ ಯಾವುದು ಕಾರಣ, ಯಾವುದು ಪರಿಣಾಮ ಅಂತ ಬಿಡಿಸುವುದು ಕಷ್ಟ. ವಂಶದಲ್ಲೇ ಎರಡರ ಒಲವೂ ಒಟ್ಟಿಗೆ ಹರಿದು ಬರಬಹುದು. ಇವೆಲ್ಲ ನ್ಯಾಯವಾದ ಪ್ರಶ್ನೆಗಳು.

ಮೇಣದ ಬಗ್ಗೆಯೇ ಒಂದು ಅಚ್ಚರಿಯ ಫಲಿತಾಂಶವೂ ಇದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯಲ್ಲಿ ಮಾರುವ ಗಾಂಜಾವನ್ನು ವಿಶ್ವವಿದ್ಯಾಲಯದೊಳಗೆ ತಂದು ಜನರಿಗೆ ಕೊಡುವಂತಿಲ್ಲ. ಅದಕ್ಕೆ ಬೌಲ್ಡರ್‌ನ ಕೊಲೊರಾಡೊ ವಿಶ್ವವಿದ್ಯಾಲಯದ ಸಿನಮನ್ ಬಿಡ್ವೆಲ್ ತಂಡ ಒಂದು ವ್ಯಾನನ್ನೇ ಲ್ಯಾಬ್ ಮಾಡಿಕೊಂಡಿತು. ಬಳಸುವವರ ಮನೆ ಮುಂದೆ ವ್ಯಾನ್ ನಿಲ್ಲುತ್ತದೆ. ಅವರು ವ್ಯಾನಿಗೆ ಬಂದು ರಕ್ತ ಕೊಟ್ಟು, ಮನೆಯೊಳಗೆ ಹೋಗಿ ತಾವು ಕೊಂಡ ಮಾಲನ್ನು ಸೇದಿ, ಮತ್ತೆ ವ್ಯಾನಿಗೆ ಬರುತ್ತಾರೆ. 121 ಜನರ ಮೇಲೆ ನಡೆದ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೇಣ ಬಳಸಿದವರ ರಕ್ತದಲ್ಲಿ ಟಿಎಚ್‌ಸಿ, ಹೂವು ಸೇದಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಆದರೆ ನೆನಪು, ಸಮತೋಲನದ ಪರೀಕ್ಷೆಗಳಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಇದ್ದವು.

ಇದನ್ನು 'ನೋಡಿ, ಮೇಣದಿಂದ ತೊಂದರೆ ಇಲ್ಲ' ಅಂತ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಅವರೆಲ್ಲ ಮೊದಲೇ ರೂಢಿ ಇದ್ದವರು. ರಕ್ತದಲ್ಲಿ ಎರಡು ಪಟ್ಟು ಟಿಎಚ್‌ಸಿ ಇದ್ದೂ ಅಷ್ಟೇ ಅಮಲು ಅಂದರೆ, ಅವರ ದೇಹ ಆ ಮಟ್ಟಕ್ಕೆ ಒಗ್ಗಿಹೋಗಿದೆ ಅಂತಲೇ ಅರ್ಥ ಅಲ್ವಾ? ಚಟ ಶುರುವಾಗುವುದೇ ಆ ಒಗ್ಗುವಿಕೆಯಿಂದ.

ಕೊಲೊರಾಡೊದ 2021ರ ಕಾನೂನು ಅಲ್ಲಿನ ಸಾರ್ವಜನಿಕ ಆರೋಗ್ಯ ಶಾಲೆಗೆ, ಕಡಕ್ ಗಾಂಜಾದ ಬಗ್ಗೆ ಇರುವ ಸಂಶೋಧನೆಯನ್ನೆಲ್ಲ ಜಾಲಾಡಿಸಿ ನೋಡುವ ಕೆಲಸ ಒಪ್ಪಿಸಿತ್ತು. ಅದರ ಫಲವಾಗಿ 99 ಅಧ್ಯಯನಗಳ ಪರಿಶೀಲನೆಯೊಂದು 2025ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಉದ್ದೇಶವಿಲ್ಲದ ಅಧ್ಯಯನಗಳಲ್ಲಿ ಸೈಕೋಸಿಸ್ ಅಥವಾ ಸ್ಕಿಜೋಫ್ರೇನಿಯಾ ವಿಷಯದಲ್ಲಿ ಶೇ 70ರಷ್ಟು, ಚಟದ ವಿಷಯದಲ್ಲಿ ಶೇ 75ರಷ್ಟು ಕೆಟ್ಟ ನಂಟನ್ನೇ ತೋರಿಸಿದವು. ಆತಂಕ, ಖಿನ್ನತೆಗಳಲ್ಲಿ ಮಾತ್ರ ಫಲಿತಾಂಶ ಕಲಸುಮೇಲೋಗರ. ಕೆಲವರಿಗೆ ಆರಾಮ ಸಿಕ್ಕಿದೆ, ಕೆಲವರಿಗೆ ಜಾಸ್ತಿಯಾಗಿದೆ.

ಚಟ ಮತ್ತು ಬಿಸಿನೀರಿನ ಸ್ನಾನ

ಸೈಕೋಸಿಸ್ ಸುದ್ದಿಯಾಗುತ್ತದೆ. ಚಟ ಅಷ್ಟಾಗಿ ಸುದ್ದಿಯಾಗುವುದಿಲ್ಲ, ಆದರೆ ಎಷ್ಟೋ ಹೆಚ್ಚು ಜನರನ್ನು ಹಿಡಿಯುತ್ತದೆ. ಅಮೆರಿಕದಲ್ಲಿ 2022ರಲ್ಲಿ ದಿನಾ ಅಥವಾ ಹೆಚ್ಚುಕಡಿಮೆ ದಿನಾ ಗಾಂಜಾ ಬಳಸುವವರು 1.77 ಕೋಟಿ. ಅಷ್ಟೇ ನಿಯಮಿತವಾಗಿ ಮದ್ಯ ಕುಡಿಯುವವರು 1.47 ಕೋಟಿ. ಇತಿಹಾಸದಲ್ಲಿ ಮೊದಲ ಬಾರಿ ಗಾಂಜಾ ಮುಂದೆ ಹೋಯಿತು.

'ಗಾಂಜಾಕ್ಕೆ ಅಡಿಕ್ಷನ್ ಇಲ್ಲ' ಅನ್ನುವ ಮಾತು ಕಾಲೇಜು ಹಾಸ್ಟೆಲುಗಳಲ್ಲಿ ಇನ್ನೂ ಓಡಾಡುತ್ತದೆ. ಅದು ಸುಳ್ಳು. ದಿನಾ ಬಳಸುವವರ ಮೆದುಳಿನಲ್ಲಿ ಟಿಎಚ್‌ಸಿ ಬಂದು ಕೂರುವ ಗ್ರಾಹಿಗಳು ಕಡಿಮೆಯಾಗುತ್ತವೆ. ಆಮೇಲೆ ಮೊದಲಿನಷ್ಟೇ ಹೈ ಸಿಗಲು ಜಾಸ್ತಿ ಡೋಸ್ ಬೇಕು. ಬಿಟ್ಟರೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಣ್ಣ ಮಾತಿಗೂ ಸಿಡುಕು, ವಿಚಿತ್ರ ಕನಸುಗಳು. ಬಿಟ್ಟಾಗ ಆಗುವ ಈ ಹಿಂಸೆಯನ್ನು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ 2013ರಲ್ಲೇ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ಸಮಾಧಾನದ ಸುದ್ದಿಯೂ ಇದೆ. ಸುಮಾರು ನಾಲ್ಕು ವಾರ ಪೂರ್ತಿ ಬಿಟ್ಟರೆ ಆ ಗ್ರಾಹಿಗಳು ಬಹುಮಟ್ಟಿಗೆ ಮೊದಲಿನಂತಾಗುತ್ತವೆ ಎಂದು 2012ರ ಒಂದು ಮೆದುಳು ಸ್ಕ್ಯಾನ್ ಅಧ್ಯಯನ ತೋರಿಸಿದೆ. ಬಿಟ್ಟ ಮೊದಲ ಎರಡು ವಾರವೇ ಕಷ್ಟ. ಎಷ್ಟೋ ಜನ ಸೋಲುವುದು ಅಲ್ಲೇ, ಯಾಕೆಂದರೆ ತಮಗೆ ಆಗುತ್ತಿರುವುದು ಬಿಟ್ಟಿದ್ದರ ಪರಿಣಾಮ, ಅದು ಮುಗಿಯುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಮೇಣ ಮತ್ತು ಕಾರ್ಟ್ ಇಲ್ಲಿ ಎರಡು ಥರ ತೊಂದರೆ ಕೊಡುತ್ತವೆ. ಒಂದು, ಡೋಸ್. ಎರಡು, ಸುಲಭ. ಕಾರ್ಟ್ ಜೇಬಿನಲ್ಲಿ ಪೆನ್ನಿನಂತೆ ಇರುತ್ತದೆ, ವಾಸನೆ ತೀರಾ ಕಡಿಮೆ. ಬಾತ್‌ರೂಮಿನಲ್ಲಿ, ಲೈಬ್ರರಿಯ ಹಿಂದೆ, ಹಾಸಿಗೆಯಲ್ಲೇ ಎಳೆಯಬಹುದು. ಗೆಳೆಯರ ಜೊತೆ ಶನಿವಾರ ರಾತ್ರಿ ಮಾಡುತ್ತಿದ್ದದ್ದು ದಿನಕ್ಕೆ ಹತ್ತು ಸಲ ಒಬ್ಬಂಟಿಯಾಗಿ ಮಾಡುವ ಕೆಲಸವಾಗುತ್ತದೆ.

ಇನ್ನೊಂದು ಕಾಯಿಲೆಯನ್ನು ಪೋಷಕರೂ ಡಾಕ್ಟರುಗಳೂ ತಿಳಿದಿರಬೇಕು. ವರ್ಷಗಟ್ಟಲೆ ದಿನಾ ಬಳಸಿದ ಕೆಲವರಿಗೆ ನಿಲ್ಲದ ವಾಂತಿ ಶುರುವಾಗುತ್ತದೆ. ಹೊಟ್ಟೆ ಹಿಂಡುವ ನೋವು, ಗಂಟೆಗಟ್ಟಲೆ ವಾಂತಿ. ಬಿಸಿ ನೀರಿನ ಸ್ನಾನ ಮಾಡಿದರೆ ಮಾತ್ರ ಸ್ವಲ್ಪ ತಗ್ಗುತ್ತದೆ. ಅದಕ್ಕೆ ಅವರು ದಿನಕ್ಕೆ ಹಲವು ಸಲ ಸ್ನಾನದ ಮನೆ ಸೇರುತ್ತಾರೆ, ಕೆಲವರು ಚರ್ಮ ಸುಡುವಷ್ಟು ಬಿಸಿ ನೀರಿಗೆ ನಿಲ್ಲುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ಡಾಕ್ಟರುಗಳು 2004ರಲ್ಲಿ ಇದನ್ನು ಮೊದಲು ವಿವರಿಸಿದರು. ಗಾಂಜಾ ವಾಂತಿ ನಿಲ್ಲಿಸುತ್ತದೆ ಅಂತ ಕ್ಯಾನ್ಸರ್ ರೋಗಿಗಳಿಗೆ ಕೊಡುತ್ತಿದ್ದ ಕಾಲದಲ್ಲಿ ಇದನ್ನು ನಂಬುವುದೇ ಕಷ್ಟವಾಗಿತ್ತು. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್ ಬರುತ್ತವೆ. ರೋಗಿ ಗಾಂಜಾ ವಿಷಯ ಮುಚ್ಚಿಡುತ್ತಾನೆ. ವಾಂತಿ ನಿಲ್ಲಲಿ ಅಂತ ಇನ್ನಷ್ಟು ಸೇದುತ್ತಾನೆ. ನೀರಿನಂಶ ಕಳೆದುಕೊಂಡು ಕಿಡ್ನಿಗೆ ಪೆಟ್ಟು ಬೀಳಬಹುದು. ಪೂರ್ತಿ ಬಿಡುವುದೊಂದೇ ಇದಕ್ಕೆ ಖಾಯಂ ಮದ್ದು.

ಕಳ್ಳ ಮಾರುಕಟ್ಟೆಯ ಕಾರ್ಟ್‌ಗಳದ್ದು ಬೇರೆಯೇ ಕಥೆ. 2019ರಲ್ಲಿ ಅಮೆರಿಕದ ತುಂಬ ಆರೋಗ್ಯವಂತ ಯುವಕರು ಏಕಾಏಕಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಎಣ್ಣೆ ಗಟ್ಟಿಯಾಗಿ ಕಾಣಲಿ ಅಂತ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಎಂದು ಗೊತ್ತಾಯಿತು.

ಮಿತಿ ಹಾಕಿದವರು, ಹಾಕಿ ತೆಗೆದವರು

ಮಿತಿ ಹಾಕಲು ಆಗುವುದೇ ಇಲ್ಲ ಅಂತೇನಿಲ್ಲ. ವರ್ಮಾಂಟ್ ಮತ್ತು ಕನೆಕ್ಟಿಕಟ್ ರಾಜ್ಯಗಳು ಹೂವಿಗೆ ಶೇ 30, ಮೇಣಕ್ಕೆ ಶೇ 60ರ ಮಿತಿ ಹಾಕಿದವು, ಕನೆಕ್ಟಿಕಟ್ ಕಾರ್ಟ್‌ಗಳನ್ನು ಈ ಮಿತಿಯಿಂದ ಹೊರಗಿಟ್ಟಿತು. ಕೆನಡಾದ ಕ್ವಿಬೆಕ್ ಶೇ 30 ದಾಟಿದ್ದನ್ನು ಮಾರಲು ಬಿಡುವುದಿಲ್ಲ, ವಯಸ್ಸಿನ ಮಿತಿಯನ್ನೂ 2020ರಲ್ಲಿ 21ಕ್ಕೆ ಏರಿಸಿತು. ಜರ್ಮನಿ 2024ರ ಏಪ್ರಿಲ್‌ನಲ್ಲಿ ಕಾನೂನು ಸಡಿಲಿಸಿದಾಗ, ಸದಸ್ಯರಿಗೆಂದು ಗಾಂಜಾ ಬೆಳೆಯುವ ಕ್ಲಬ್‌ಗಳಲ್ಲಿ 21ಕ್ಕಿಂತ ಚಿಕ್ಕವರಿಗೆ ಶೇ 10 ದಾಟಿದ್ದನ್ನು ಕೊಡಬಾರದು ಅಂತ ಬರೆಯಿತು. ನನ್ನ ಪ್ರಕಾರ ಇವುಗಳಲ್ಲಿ ತೀರಾ ಸರಿಯಾದ ದಾರಿ ಜರ್ಮನಿಯದು, ಯಾಕೆಂದರೆ ಅದು ವಯಸ್ಸು ಮತ್ತು ಡೋಸ್ ಎರಡನ್ನೂ ಒಟ್ಟಿಗೆ ನೋಡುತ್ತದೆ.

ತೆರಿಗೆ ಇನ್ನೊಂದು ದಾರಿ. ಇಲಿನಾಯ್ ರಾಜ್ಯದಲ್ಲಿ ಶೇ 35ರವರೆಗಿನ ಗಾಂಜಾಕ್ಕೆ ಶೇ 10 ತೆರಿಗೆ, ಅದನ್ನು ದಾಟಿದರೆ ಶೇ 25. ನ್ಯೂಯಾರ್ಕ್ ಟಿಎಚ್‌ಸಿಯ ಪ್ರತಿ ಮಿಲಿಗ್ರಾಂಗೆ ತೆರಿಗೆ ಹಾಕುವ ಪದ್ಧತಿ ತಂದಿತು. ಉದ್ಯಮದವರು ಕಷ್ಟ ಅಂದರು, 2024ರಲ್ಲಿ ಅದನ್ನು ಕೈಬಿಟ್ಟು ಮಾಮೂಲು ಸಗಟು ತೆರಿಗೆ ತಂದಿತು. ಹಣ ಬರುವ ಮೂಲವಾದ ಮೇಲೆ ಬಿಗಿ ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಇದು ಸಾಕ್ಷಿ.

ಡೋಸ್ ಇಳಿದರೆ ಪ್ರಯೋಜನ ಇದೆಯಾ? ನೆದರ್ಲೆಂಡ್ಸ್ ಒಂದು ಸುಳಿವು ಕೊಡುತ್ತದೆ. ಅಲ್ಲಿನ ಗಾಂಜಾದ ಟಿಎಚ್‌ಸಿ 2000ದಲ್ಲಿ ಶೇ 8.6 ಇದ್ದದ್ದು 2004ಕ್ಕೆ ಶೇ 20 ದಾಟಿ, ನಂತರ 2015ರ ಹೊತ್ತಿಗೆ ಸುಮಾರು ಶೇ 15ಕ್ಕೆ ಇಳಿಯಿತು. ಚಟ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಬರುವವರ ಸಂಖ್ಯೆಯೂ ಐದರಿಂದ ಏಳು ವರ್ಷ ತಡವಾಗಿ ಅದೇ ಹಾದಿಯಲ್ಲಿ ಏರಿತು, ಇಳಿಯಿತು. ಆ ಐದರಿಂದ ಏಳು ವರ್ಷದ ಅಂತರವೇ ನನ್ನನ್ನು ಕಾಡುತ್ತದೆ. ಇವತ್ತು ಮಾರಿದ ಮೇಣದ ಬಿಲ್ಲು ಆಸ್ಪತ್ರೆಗೆ ಬರುವುದು ಅಷ್ಟು ತಡವಾಗಿ.

ನಮ್ಮವರಿಗೆ ಇದರಲ್ಲಿ ಏನಿದೆ?

ಕರ್ನಾಟಕದಿಂದ ಪ್ರತಿ ವರ್ಷ ಎಂಎಸ್ ಓದಲು ಅಮೆರಿಕ, ಕೆನಡಾಕ್ಕೆ ಹೋಗುವ ಮಕ್ಕಳು 22, 23ರ ವಯಸ್ಸಿನವರು. ಅಂಗಡಿಯಲ್ಲಿ ಬಿಲ್ಲು ಕೊಟ್ಟು ಮಾರುತ್ತಾರೆ ಅಂದಮೇಲೆ ಸುರಕ್ಷಿತವೇ ಇರಬೇಕು ಅಂದುಕೊಳ್ಳುವುದು ಸಹಜ. ಮನೆಯಿಂದ ದೂರ, ಸಾಲದ ಭಾರ, ಕೆಲಸ ಸಿಗುವ ಚಿಂತೆ, ನಿದ್ದೆ ಇಲ್ಲ. ಅಂಥ ಹೊತ್ತಿನಲ್ಲಿ ರೂಮ್‌ಮೇಟ್ ಕೊಡುವ ಕಾರ್ಟ್, ಯಾವ ರೂಢಿಯೂ ಇಲ್ಲದ ಮೆದುಳಿಗೆ ನೇರವಾಗಿ ಶೇ 80ರ ಡೋಸ್. ಇನ್ನೊಂದು ಪೆಟ್ಟು ಕಾನೂನಿನದು. ರಾಜ್ಯ ಒಪ್ಪಿದರೂ ಅಮೆರಿಕದ ವಲಸೆ ಕಾನೂನು ಕೇಂದ್ರದ್ದು. ಅಲ್ಲಿನ ನಾಗರಿಕರಲ್ಲದವರಿಗೆ ಗಾಂಜಾ ಬಳಸಿದ್ದೇನೆ ಎಂಬ ಒಪ್ಪಿಗೆಯೇ ವೀಸಾ, ಗ್ರೀನ್ ಕಾರ್ಡ್, ಪೌರತ್ವದ ಹಂತದಲ್ಲಿ ಕುತ್ತಾಗಬಹುದು.

ಇಲ್ಲಿ, ಊರಿನಲ್ಲಿ? ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಯಾದಗಿರಿ, ರಾಯಚೂರು ಕಡೆಯ ಕೆಲವು ಜಾತ್ರೆ, ಆಶ್ರಮಗಳಲ್ಲಿ ಗಾಂಜಾ ಸೇದುವ ಹಳೆಯ ರೂಢಿ ಇದೆ. 'ಸಾಧುಗಳು ಸೇದಲ್ವಾ?' ಅಂತ ಕೇಳುವ ಹುಡುಗರು ನೆಚ್ಚಿಕೊಳ್ಳುವುದು ಅದನ್ನೇ. ಆದರೆ ಬೆಂಗಳೂರಿನಲ್ಲಿ ಪೊಲೀಸರು ಹಿಡಿಯುವ ಮಾಲಿನ ಪಟ್ಟಿಯಲ್ಲಿ ಈಗ ಹ್ಯಾಶಿಶ್ ಆಯಿಲ್, ಅಂದರೆ ಗಾಂಜಾದ ಗಟ್ಟಿ ಎಣ್ಣೆ, ಇದೆ, ಹೈಡ್ರೋ ಗಾಂಜಾ ಇದೆ. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ ಬ್ಯಾಂಕಾಕ್ ವಿಮಾನಗಳಲ್ಲಿ ಬರುವ ಹೈಡ್ರೋ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪದೇ ಪದೇ ಸಿಕ್ಕಿಬೀಳುತ್ತಿದೆ. ಹೈಡ್ರೋ ಅಂದರೆ ಮನೆಯೊಳಗೆ ಲೈಟು ಹಾಕಿ ಬೆಳೆದ ಕಡಕ್ ಹೂವು. ಡೆನ್ವರ್‌ನ ಡಬ್ಬಿಗಾದರೂ ಲೇಬಲ್ ಇದೆ, ಲ್ಯಾಬ್ ಪರೀಕ್ಷೆ ಇದೆ. ಇಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಎಣ್ಣೆಯಲ್ಲಿ ಎಷ್ಟು ಟಿಎಚ್‌ಸಿ, ಏನು ಬೆರೆಸಿದ್ದಾರೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಮಾದಕ ವಸ್ತುಗಳ ಬಗ್ಗೆ ಇರುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಹ್ಯಾಶಿಶ್ ಆಯಿಲನ್ನು ಚರಸ್ ಜೊತೆಗೇ ಸೇರಿಸುತ್ತದೆ, ಗಾಂಜಾಕ್ಕಿಂತ ಕಡಿಮೆ ತೂಕಕ್ಕೇ ಹೆಚ್ಚು ಶಿಕ್ಷೆ. ಆದರೆ ಆ ಭಯಕ್ಕೇ ಎಷ್ಟೋ ಮನೆಯವರು ಮಗನನ್ನು ಆಸ್ಪತ್ರೆಗೆ ಕರೆತರುವುದಿಲ್ಲ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸಣ್ಣ ಪ್ರಮಾಣದ ಅಥವಾ ಸೇವನೆಯ ಪ್ರಕರಣಗಳಲ್ಲಿ, ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ ಅನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ.

ಡಾಕ್ಟರ ಹತ್ತಿರ ಹೋದಾಗ 'ಗಾಂಜಾ ಸೇದುತ್ತೇನೆ' ಅಂತ ಹೇಳಿದರೆ ಸಾಲದು. ಹೂವೋ, ಎಣ್ಣೆಯೋ, ಕಾರ್ಟೋ ಹೇಳಬೇಕು. ಒಂದು ಗ್ರಾಂ ಎಷ್ಟು ದಿನ ಬರುತ್ತದೆ, ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತದಾ, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇತ್ತಾ, ಇವನ್ನೂ ಹೇಳಬೇಕು. ವಂಶದಲ್ಲಿ ಅಂಥ ಕಾಯಿಲೆ ಇದ್ದವರು ಮೇಣದ ತಂಟೆಗೇ ಹೋಗಬಾರದು. ಸೇದಿದ ನಂತರ ಅನುಮಾನ, ಭಯ, ಧ್ವನಿ ಕೇಳುವುದು ಮರುದಿನವೂ ಉಳಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಅಮೆರಿಕದಲ್ಲಿರುವವರಿಗೆ ಮಾನಸಿಕ ತುರ್ತಿಗೆ 988.